ವೋಚರ್ ಉಂಟು, ಫ್ಲೈಟ್ ಇಲ್ಲ: ಹುಡುಕುವ ಕ್ರಮ ಬದಲಿಸಿ

2025ರ ಡಿಸೆಂಬರ್ ಮೊದಲ ವಾರ ಇಂಡಿಗೊ ವಿಮಾನಗಳು ಸಾಲುಸಾಲಾಗಿ ರದ್ದಾದಾಗ ಮಂಗಳೂರಿನ ಬಜ್ಪೆ ನಿಲ್ದಾಣದಿಂದಲೂ ಜನ ಪೆಟ್ಟಿಗೆ ಹಿಡಿದುಕೊಂಡು ಮನೆಗೆ ವಾಪಸಾದರು. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಕಂಪನಿ ತಯಾರಾಗಿರಲಿಲ್ಲ ಎಂಬ ಕಥೆ ಎಲ್ಲರಿಗೂ ಗೊತ್ತು, ಅದು ಬೇಡ. ಆ ತಿಂಗಳ 3, 4 ಮತ್ತು 5ರಂದು ತೀವ್ರ ತೊಂದರೆಗೆ ಸಿಲುಕಿದವರಿಗೆ 10,000 ರೂಪಾಯಿಯ ಪ್ರಯಾಣ ವೋಚರ್ ಘೋಷಣೆಯಾಯಿತು. 5,000ದ ಎರಡು, ಅವಧಿ 12 ತಿಂಗಳು. ಇದಲ್ಲದೆ ಬೇರೆ ಬೇರೆ ಸಂದರ್ಭದಲ್ಲಿ ಬೇರೆ ಕಂಪನಿಗಳಿಂದ ಬಂದ ವೋಚರ್, ಕ್ರೆಡಿಟ್ ಶೆಲ್‌ಗಳೂ ಎಷ್ಟೋ ಮೊಬೈಲ್‌ಗಳಲ್ಲಿ ಬಿದ್ದುಕೊಂಡಿವೆ. ಇಟ್ಟುಕೊಂಡವರ ದೂರು ಮಾತ್ರ ಒಂದೇ: ‘ನಮಗೆ ಬೇಕಾದ ದಿನ ಫ್ಲೈಟೇ ಇಲ್ಲ ಮಾರಾಯ್ರೆ!’

ಇರುವುದಿಲ್ಲ. ಮಂಗಳೂರಿನಿಂದ ನೇರ ವಿಮಾನ ಇರುವುದೇ ಬೆಂಗಳೂರು, ಮುಂಬೈ, ಹೈದರಾಬಾದ್, ಚೆನ್ನೈಯಂಥ ಕೆಲವು ಊರುಗಳಿಗೆ ಮತ್ತು ಗಲ್ಫ್‌ಗೆ. ನಮ್ಮವರು ಮೊದಲು ದಿನ ಗೊತ್ತು ಮಾಡಿ, ಆಮೇಲೆ ವೋಚರ್ ಹಿಡಿದುಕೊಂಡು ವಿಮಾನ ಹುಡುಕುತ್ತಾರೆ. ಮದುವೆಗೆ, ಇಂಟರ್‌ವ್ಯೂಗೆ, ಆಸ್ಪತ್ರೆಯ ತಾರೀಖಿಗೆ ಹೋಗುವವರು ದುಡ್ಡು ಕೊಟ್ಟೇ ಟಿಕೆಟ್ ಮಾಡಬೇಕು. ವೋಚರ್ ಇರುವುದು ಎರಡು ದಿನ ಆಚೀಚೆಯಾದರೂ ನಡೆಯುವ ಪ್ರಯಾಣಕ್ಕೆ. ಮಗಳ ಮನೆಗೆ ಹೋಗುವುದು, ಮೊಮ್ಮಗುವನ್ನು ನೋಡಿ ಬರುವುದು, ಬೆಂಗಳೂರಿನಲ್ಲಿ ಉಳಿದುಹೋದ ಕಾಗದಪತ್ರದ ಕೆಲಸ, ಇಂಥವುಗಳಿಗೆ.

ಮೊದಲು ಕೈಯಲ್ಲಿರುವುದು ಏನೆಂದು ನೋಡಿ

ಕಂಪನಿ ಸೌಜನ್ಯಕ್ಕೆ ಕೊಟ್ಟ ವೋಚರ್ ಬೇರೆ, ನಿಮ್ಮದೇ ಟಿಕೆಟ್ ಹಣವನ್ನು ಕಂಪನಿ ತನ್ನಲ್ಲಿ ಇಟ್ಟುಕೊಂಡ ಕ್ರೆಡಿಟ್ ಶೆಲ್ ಬೇರೆ. ಎರಡನೆಯದಾಗಿದ್ದರೆ ಈ ಲೇಖನ ಓದುವ ಮೊದಲು ರೀಫಂಡ್ ಕೇಳಿ. ಮರಳಿಸಬೇಕಾದ ಹಣವನ್ನು ಕ್ರೆಡಿಟ್ ಶೆಲ್‌ನಲ್ಲಿ ಇಡಬೇಕೋ ಬೇಡವೋ ಎಂಬುದು ಪ್ರಯಾಣಿಕನ ಆಯ್ಕೆ, ಕಂಪನಿ ತಾನಾಗಿ ಹಾಗೆ ಮಾಡುವಂತಿಲ್ಲ ಎಂದು ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ, ನಿಯಮದಲ್ಲೇ ಬರೆದಿದೆ. ಯುರೋಪಿನಲ್ಲಂತೂ ಪರಿಹಾರದ ಹಣದ ಬದಲು ವೋಚರ್ ಕೊಡಬೇಕಾದರೆ ಪ್ರಯಾಣಿಕ ಸಹಿ ಹಾಕಿ ಒಪ್ಪಬೇಕು. ಇಲ್ಲಿ ಕೌಂಟರಿನಲ್ಲಿ ಗಡಿಬಿಡಿಯಲ್ಲಿ ‘ಕ್ರೆಡಿಟ್ ಮಾಡಿ ಕೊಡ್ತೇವೆ, ಆಗಬಹುದಾ?’ ಎಂದಾಗ ತಲೆಯಾಡಿಸುವವರೇ ಹೆಚ್ಚು.

ಕಂಪನಿಯ ಕ್ರೆಡಿಟ್ ಕಂಪನಿ ಇರುವವರೆಗೆ ಮಾತ್ರ. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ನಿಂತಾಗ ಅದರಲ್ಲಿ ಹಣ ಸಿಕ್ಕಿಸಿಕೊಂಡವರು ನಮ್ಮ ಊರಿನಲ್ಲೂ ಇದ್ದರು. ಕೋವಿಡ್ ಕಾಲದ ಕ್ರೆಡಿಟ್ ಶೆಲ್‌ಗಳ ವಿಷಯದಲ್ಲಿ 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಮಧ್ಯೆ ಬಂದು, ಬಳಸದೆ ಉಳಿದ ಹಣ ವಾಪಸ್ ಕೊಡಬೇಕು, ಬೇರೆಯವರ ಹೆಸರಿಗೂ ವರ್ಗಾಯಿಸಬಹುದು ಎಂದು ಹೇಳಿತು. ಅದು ಆ ಕಾಲದ ಟಿಕೆಟ್‌ಗಳಿಗೆ ಬಂದ ತೀರ್ಪು. ಇಂದಿನ ಸೌಜನ್ಯ ವೋಚರಿಗೆ ಅದನ್ನು ತೋರಿಸಿ ವಾದಿಸಿದರೆ ಪ್ರಯೋಜನವಿಲ್ಲ.

ವೋಚರ್ ಬಂದೇ ಇಲ್ಲ ಎನ್ನುವವರು ಏಜೆಂಟರನ್ನು ಕೇಳಿ. ಮಂಗಳೂರಿನಲ್ಲಿ ಟಿಕೆಟ್ ಅಂದರೆ ಟ್ರಾವೆಲ್ ಏಜೆನ್ಸಿ. ಗಲ್ಫ್ ಕುಟುಂಬಗಳಿಗಂತೂ ಎರಡು ತಲೆಮಾರಿನಿಂದ ಒಬ್ಬರೇ ಏಜೆಂಟ್. ಬುಕಿಂಗ್‌ನಲ್ಲಿ ಅವರು ತಮ್ಮ ಆಫೀಸಿನ ಮೊಬೈಲ್ ನಂಬರ್, ಇಮೇಲ್ ಹಾಕಿರುತ್ತಾರೆ, ಹಾಗಾಗಿ ಕೋಡ್ ಅಲ್ಲಿಗೆ ಹೋಗಿ ನೂರು ಮೇಲ್‌ಗಳ ನಡುವೆ ಕೂತಿರುತ್ತದೆ. ಇನ್ನು ಮುಂದೆ ಟಿಕೆಟ್ ಮಾಡಿಸುವಾಗ ನಿಮ್ಮ ನಂಬರನ್ನೇ ಹಾಕಿಸಿ. ಗೂಗಲ್‌ನಲ್ಲಿ ಸಿಕ್ಕಿದ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಮಾಡಿ ಕೋಡ್ ಓದಿ ಹೇಳಬೇಡಿ. ಅದು ಯಾರ ನಂಬರೋ ದೇವರಿಗೇ ಗೊತ್ತು.

ಷರತ್ತುಗಳನ್ನು ಪೂರ್ತಿ ಓದಿ ಎಂದರೆ ಯಾರೂ ಓದುವುದಿಲ್ಲ. ನಾಲ್ಕನ್ನಾದರೂ ನೋಡಿ. ಕೊನೆಯ ತಾರೀಖು ಬುಕ್ ಮಾಡುವುದಕ್ಕೋ, ಪ್ರಯಾಣ ಮುಗಿಯುವುದಕ್ಕೋ? ಒಂದೇ ಸಲಕ್ಕೆ ಬಳಸಬೇಕೋ, ಉಳಿಕೆ ಮೊತ್ತ ಸಿಗುತ್ತದೋ? ಮೂಲ ದರಕ್ಕೆ ಮಾತ್ರವೋ, ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕವೂ ಸೇರುತ್ತದೋ? ಹೆಸರು ಯಾರದು? ಉಳಿಕೆ ಸಿಗದ ವೋಚರ್ ಆಗಿದ್ದರೆ, 3,200 ರೂಪಾಯಿಯ ಬೆಂಗಳೂರು ಟಿಕೆಟಿಗೆ 5,000ದ ವೋಚರ್ ಹಾಕಿದಾಗ 1,800 ಹೋದ ಹಾಗೆ. ಅದನ್ನು ದೂರದ ಊರಿಗೆ ಇಟ್ಟುಕೊಳ್ಳಿ, ಮೇಲಿನ ಹಣ ಕೈಯಿಂದ ಕೊಡಿ.

ಹುಡುಕುವ ಬಗೆ

ಹೋಗಿ ಬರುವ ಟಿಕೆಟ್ ಒಟ್ಟಿಗೆ ಹುಡುಕಬೇಡಿ. ಒಂದು ಕಡೆಯದನ್ನು ಮಾತ್ರ ಹುಡುಕಿ. ಎರಡೂ ದಿಕ್ಕಿಗೆ ಅನುಕೂಲದ ವಿಮಾನ ಸಿಗುವುದು ಅಪರೂಪ, ಒಂದು ದಿಕ್ಕಿಗೆ ಸಿಗುತ್ತದೆ. ಮುಂಬೈಗೆ ಹೋಗುವಾಗ ವೋಚರಿನಲ್ಲಿ ಹಾರಿ, ಬರುವಾಗ ಮತ್ಸ್ಯಗಂಧ ರೈಲಿನಲ್ಲಿ ಮಲಗಿಕೊಂಡು ಬನ್ನಿ. ಮುಂಬೈ ಎಂದು ಹುಡುಕುವಾಗ ಯಾವ ನಿಲ್ದಾಣ ಎಂಬುದನ್ನೂ ನೋಡಿ. 2025ರ ಡಿಸೆಂಬರ್ 25ರಿಂದ ನವಿ ಮುಂಬೈ ನಿಲ್ದಾಣವೂ ಶುರುವಾಗಿದೆ. ಪನ್ವೆಲ್, ನೆರೂಲ್, ವಾಶಿಯ ನೆಂಟರ ಮನೆಗೆ ಅದು ಹತ್ತಿರ. ಬೊರಿವಲಿಗೆ ಹೋಗುವವರು ಅಲ್ಲಿ ಇಳಿದರೆ ಟ್ಯಾಕ್ಸಿಗೆ ಕೊಡುವ ಹಣದಲ್ಲಿ ವೋಚರಿನ ಲಾಭದ ಒಂದು ಪಾಲು ಹೋದೀತು.

ನಾಲ್ಕು ಮಂದಿಗೆ ಒಟ್ಟಿಗೆ ಹುಡುಕಿದಾಗ ಕಡಿಮೆ ದರದ ಸೀಟು ಮೂರೇ ಇದ್ದರೆ ನಾಲ್ವರಿಗೂ ಮೇಲಿನ ದರ ತೋರಿಸುವುದುಂಟು. ಮೊದಲು ಒಬ್ಬರಿಗೆ, ಆಮೇಲೆ ಇಬ್ಬರಿಗೆ ಹುಡುಕಿ ನೋಡಿ. ಟಿಕೆಟ್ ಎರಡಾಗಿ ಒಡೆದರೂ ತೊಂದರೆಯಿಲ್ಲ. ಆದರೆ ಅಜ್ಜ ಅಜ್ಜಿಯನ್ನು ಒಂದು ಪಿಎನ್‌ಆರ್‌ನಲ್ಲಿ, ಕರೆದುಕೊಂಡು ಹೋಗುವವರನ್ನು ಇನ್ನೊಂದರಲ್ಲಿ ಹಾಕಬೇಡಿ. ವಿಮಾನ ಬದಲಾದರೆ ಇಬ್ಬರೂ ಬೇರೆ ಬೇರೆ ಕಡೆ ಉಳಿಯುತ್ತಾರೆ.

ಯಾವ ತಿಂಗಳು? ನನ್ನನ್ನು ಕೇಳಿದರೆ ಮೇ ಕೊನೆಯ ಪತ್ತನಾಜೆ ಕಳೆದ ಮೇಲೆ. ಕೋಲ, ನೇಮ, ಆಟ ಎಲ್ಲ ಮುಗಿದು, ಶಾಲೆ ಶುರುವಾಗಿ, ಊರಿಗೆ ಬಂದವರು ಮರಳಿದ ಮೇಲೆ ಸೀಟಿಗೆ ನೂಕುನುಗ್ಗಲು ಇಳಿಯುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿಯಲ್ಲಿ ಮದುವೆ ಮುಂಜಿ ಇಲ್ಲ, ವೋಚರಿಗೆ ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಮಳೆಯ ವಿಷಯ ಕೆಳಗೆ ಹೇಳುತ್ತೇನೆ. ಚೌತಿ, ಮೊಂತಿ ಫೆಸ್ತ್ ಬಂತೆಂದರೆ ಪುನಃ ರಶ್. ದಸರಾ ಮತ್ತು ಕ್ರಿಸ್‌ಮಸ್ ವಾರಗಳಲ್ಲಿ ಹುಡುಕುವ ಶ್ರಮವನ್ನೇ ಬಿಡಿ.

ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಇಂದು ಕಾಣದ ಬೆಳಗಿನ ವಿಮಾನ ಹೊಸ ಪಟ್ಟಿಯಲ್ಲಿ ಬರಬಹುದು, ಇರುವುದು ಹೋಗಲೂಬಹುದು. ಡಿಸೆಂಬರಿಗೆ ಮುಗಿಯುವ ವೋಚರ್ ಇರುವವರು ‘ಚಳಿಗಾಲದ ಪಟ್ಟಿ ಬರಲಿ’ ಎಂದು ಕಾಯುವುದು ಜೂಜು. ಸೆಪ್ಟೆಂಬರ್ ಒಳಗೆ ಮುಗಿಸಿಬಿಡಿ.

ಮಂಗಳೂರು ಹೆಸರಿನಲ್ಲಿ ಏನೂ ಸಿಗದಿದ್ದರೆ ಸುತ್ತಲಿನ ನಿಲ್ದಾಣ ಹಾಕಿ ನೋಡಿ. ಕಣ್ಣೂರು ನಿಲ್ದಾಣ 2018ರ ಡಿಸೆಂಬರ್ 9ರಿಂದ ಇದೆ. ಕಾಸರಗೋಡಿನಿಂದ ತೆಂಕಕ್ಕಿರುವವರು ಬಜ್ಪೆಯನ್ನೇ ಹಿಡಿದು ಕೂರಬೇಕಾಗಿಲ್ಲ. ಉತ್ತರಕ್ಕೆ ಗೋವಾದಲ್ಲಿ ಎರಡು ನಿಲ್ದಾಣ, ದಾಬೋಲಿಂ ಮತ್ತು ಮೋಪಾ. ಕುಂದಾಪುರ, ಭಟ್ಕಳದವರು ದಾಬೋಲಿಂ ನೋಡಬಹುದು. ಎಲ್ಲಕ್ಕಿಂತ ಹೆಚ್ಚು ಆಯ್ಕೆ ಇರುವುದು ಬೆಂಗಳೂರಿನಲ್ಲಿ. ಬಿಜೈ ಬಸ್ ನಿಲ್ದಾಣದಿಂದ ರಾತ್ರಿ ಬಸ್ ಹತ್ತಿ, ಮೆಜೆಸ್ಟಿಕ್‌ನಲ್ಲಿ ವಾಯುವಜ್ರ ಹಿಡಿದು, ಮಧ್ಯಾಹ್ನದ ದೆಹಲಿ ವಿಮಾನಕ್ಕೆ ವೋಚರ್ ಬಳಸಿದರೆ ಪೂರ್ತಿ ಮೌಲ್ಯ ಸಿಗುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕೈಕೊಡುವುದು ಗೊತ್ತೇ ಇದೆ, ಒಂದು ದಿನ ಮುಂಚೆ ಹೋಗಿ.

ಎರಡು ಟಿಕೆಟಿನ ಗುಂಡಿ

ಓದುಗರು ಮತ್ತೆ ಮತ್ತೆ ಬೀಳುವುದು ಇಲ್ಲಿ. ದುಬೈಗೋ ಕೊಲ್ಕತ್ತಕ್ಕೋ ಹೋಗಬೇಕು, ನೇರ ವಿಮಾನ ಇಲ್ಲ, ಇದ್ದರೂ ಸಮಯ ಹೊಂದುವುದಿಲ್ಲ. ಆಗ ಒಂದು ಉಪಾಯ ಹೊಳೆಯುತ್ತದೆ: ಮಂಗಳೂರಿನಿಂದ ಬೆಂಗಳೂರಿಗೆ ವೋಚರ್ ಟಿಕೆಟ್, ಅಲ್ಲಿಂದ ಮುಂದಕ್ಕೆ ಬೇರೆ ಕಂಪನಿಯಲ್ಲಿ ದುಡ್ಡು ಕೊಟ್ಟು ಇನ್ನೊಂದು. ನಡುವೆ ಎರಡು ಗಂಟೆ ಇದೆ, ಧಾರಾಳ ಸಾಕು ಎಂಬ ಲೆಕ್ಕ.

ಸಾಕಾಗುವುದಿಲ್ಲ. ಪಿಎನ್‌ಆರ್ ಎರಡಾದರೆ ಅವು ಎರಡು ಬೇರೆ ಪ್ರಯಾಣಗಳು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಎರಡನೇ ಕಂಪನಿಯ ಪಾಲಿಗೆ ನೀವು ಬಾರದೆ ಹೋದ ಪ್ರಯಾಣಿಕ. ಮೊದಲ ಕಂಪನಿಯಂತೂ ನಿಮ್ಮನ್ನು ಬೆಂಗಳೂರಿಗೆ ಮುಟ್ಟಿಸಿದೆ, ಅಲ್ಲಿಗೆ ಅದರ ಜವಾಬ್ದಾರಿ ಮುಗಿಯಿತು. ಹೀಗೆ ಐದು ಸಾವಿರದ ವೋಚರ್ ಉಳಿಸಲು ಹೋಗಿ ಮೂವತ್ತು ಸಾವಿರದ ಟಿಕೆಟ್ ಕಳೆದುಕೊಂಡವರಿದ್ದಾರೆ. ಮೂಲ ದರ ಹೋದರೂ ಟಿಕೆಟಿನಲ್ಲಿರುವ ಸರಕಾರಿ ತೆರಿಗೆ ಮತ್ತು ನಿಲ್ದಾಣ ಶುಲ್ಕ ವಾಪಸ್ ಕೇಳುವ ಹಕ್ಕು ಮಾತ್ರ ಉಳಿಯುತ್ತದೆ. ಅದನ್ನಾದರೂ ಕೇಳಿ, ಹೆಚ್ಚಿನವರು ಕೇಳುವುದೇ ಇಲ್ಲ.

ಎರಡು ಗಂಟೆ ಎಲ್ಲಿ ಕರಗುತ್ತದೆ ಎಂದು ಲೆಕ್ಕ ಹಾಕಿ. ಬೆಂಗಳೂರಿನಲ್ಲಿ ಇಳಿದು, ಬೆಲ್ಟಿನಲ್ಲಿ ಬ್ಯಾಗ್ ಬರುವವರೆಗೆ ನಿಂತು, ಹೊರಗೆ ಬರಬೇಕು. ಇಂಡಿಗೊದ ದೇಶೀಯ ವಿಮಾನಗಳು ಒಂದನೇ ಟರ್ಮಿನಲ್, ವಿದೇಶಿ ವಿಮಾನಗಳು ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಎರಡನೇ ಟರ್ಮಿನಲ್. ಶಟಲ್ ಬಸ್ಸಿಗೆ ಕಾದು ಅಲ್ಲಿಗೆ ಹೋಗಿ, ಪುನಃ ಬ್ಯಾಗ್ ಒಪ್ಪಿಸಿ, ಸೆಕ್ಯೂರಿಟಿ, ವಿದೇಶವಾದರೆ ಇಮಿಗ್ರೇಶನ್. ದೇಶೀಯ ವಿಮಾನಕ್ಕೇ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲು ಮುಚ್ಚುತ್ತದೆ. ಅಂದರೆ ನಿಮ್ಮ ಎರಡು ಗಂಟೆ ನಿಜವಾಗಿ ಒಂದೇ ಗಂಟೆ.

ಅದಕ್ಕೆ ನಮ್ಮ ಬಜ್ಪೆಯ ಗುಣವನ್ನೂ ಸೇರಿಸಿ. ಗುಡ್ಡದ ತಲೆಯ ಮೇಲೆ 2,450 ಮೀಟರ್ ರನ್‌ವೇ. ಆಚೀಚೆ ಕಣಿವೆ. ಮಳೆಗಾಲದಲ್ಲಿ ಮೋಡ ಕೆಳಗಿಳಿದರೆ ಬರುವ ವಿಮಾನ ಮೇಲೆ ಸುತ್ತು ಹೊಡೆದು ಬೆಂಗಳೂರಿಗೋ ಕೇರಳದ ಕಡೆಗೋ ಹೋಗುತ್ತದೆ. ನೀವು ಹತ್ತಬೇಕಾದದ್ದು ಅದೇ ವಿಮಾನ. 2010ರ ಮೇ 22ರಂದು ವಿಮಾನ ದುರಂತದಲ್ಲಿ 158 ಮಂದಿಯನ್ನು ಕಳೆದುಕೊಂಡ ಊರಿನವರು, ಪೈಲಟ್ ಇಳಿಸದೆ ಹೋದನೆಂದು ಸಿಟ್ಟು ಮಾಡಬಾರದು. ಹವಾಮಾನದಿಂದಾದ ತಡಕ್ಕೆ ನಗದು ಪರಿಹಾರವೂ ಇಲ್ಲ.

ಎರಡು ಟಿಕೆಟಿನ ಈ ತೊಂದರೆಗೆ ದಾರಿ ಎರಡೇ. ಒಂದೇ ಕಂಪನಿಯ ಸೈಟಿನಲ್ಲಿ ಮಂಗಳೂರಿನಿಂದ ಕೊನೆಯ ಊರಿನವರೆಗೆ ಒಂದೇ ಪಿಎನ್‌ಆರ್‌ನಲ್ಲಿ ಟಿಕೆಟ್ ಮಾಡಿ, ಆ ಮೊತ್ತಕ್ಕೆ ವೋಚರ್ ಹಾಕಿ. ಆಗ ನಡುವೆ ಕೊಂಡಿ ತಪ್ಪಿದರೆ ಮುಂದಿನ ವಿಮಾನಕ್ಕೆ ಹಾಕುವುದು ಅವರ ಕೆಲಸ. ಅದು ಆಗದಿದ್ದರೆ ವೋಚರಿನಲ್ಲಿ ಹಿಂದಿನ ದಿನವೇ ಬೆಂಗಳೂರಿಗೆ ಹೋಗಿ ಯಾರದಾದರೂ ಮನೆಯಲ್ಲಿ ಮಲಗಿ. ಬೆಂಗಳೂರಿನಲ್ಲಿ ನೆಂಟರಿಲ್ಲದ ಮಂಗಳೂರಿನವರು ಯಾರಿದ್ದಾರೆ? ಮರಳುವಾಗ ಚಿಂತೆ ಕಡಿಮೆ. ದುಡ್ಡಿನ ಟಿಕೆಟ್ ಮೊದಲು, ವೋಚರ್ ಟಿಕೆಟ್ ಕೊನೆಗೆ ಬರುತ್ತದೆ. ತಪ್ಪಿದರೂ ಹೋಗುವುದು ವೋಚರ್, ರಾತ್ರಿ ಬಸ್ಸು ಇದ್ದೇ ಇದೆ.

ಬುಕ್ ಮಾಡುವಾಗ, ಆಮೇಲೆ

ಕಂಪನಿಯ ಸ್ವಂತ ಸೈಟ್ ಅಥವಾ ಆ್ಯಪ್‌ನಲ್ಲೇ ಮಾಡಿ. ಬೇರೆ ಪೋರ್ಟಲ್‌ಗಳಲ್ಲಿ ಕಾಣುವ ಕೂಪನ್ ಖಾನೆ ಅವರದೇ ಕೂಪನ್‌ಗೆ. ವೋಚರ್ ಕೇಳುವುದು ಹಣ ಪಾವತಿಯ ಪುಟದಲ್ಲಿ. ಕೋಡ್ ಹಾಕಿದ ಮೇಲೆ ಮೊತ್ತ ಇಳಿದಿದೆಯೇ ನೋಡಿಯೇ ಮುಂದೆ ಒತ್ತಿ, ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಬುಕ್ ಆದ ಮೇಲೆ ನೀವಾಗಿ ರದ್ದು ಮಾಡಿದರೆ ವೋಚರ್ ಮರಳುತ್ತದೆಂಬ ಭರವಸೆ ಬೇಡ. ಕಂಪನಿಯೇ ರದ್ದು ಮಾಡಿದರೆ ಬದಲಿ ವಿಮಾನ ಕೇಳುವ ಹಕ್ಕಿದೆ, ಅದನ್ನೇ ಮೊದಲು ಕೇಳಿ. ವೋಚರ್ ಮರಳಿ ಬಂದರೆ ಹಳೆಯ ಅವಧಿಯೇ ಮುಂದುವರಿಯಬಹುದು. ಅವಧಿ ಹೆಚ್ಚಿಸಿ ಎಂದು ಇಮೇಲ್‌ನಲ್ಲಿ ಕೇಳಿ, ಫೋನಿನ ಮಾತು ಲೆಕ್ಕಕ್ಕಿಲ್ಲ.

ಉತ್ತರ ಬಾರದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಕೊಡಿ. ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ: 2019ರ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಎರಡು ವರ್ಷದೊಳಗೆ, ಕೊಟ್ಟ ಮೊತ್ತ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಬೋರ್ಡಿಂಗ್ ಪಾಸ್, ಮೆಸೇಜು, ಇಮೇಲು ಅಲ್ಲಿಯವರೆಗೆ ಅಳಿಸಬೇಡಿ.