ತಂತಿ ಸರಿಯಿತ್ತು, ಇನ್ಸುಲೇಷನ್ ಹೋಗಿತ್ತು

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್ ಗೆಳೆಯನೊಬ್ಬನಿಗೆ ಎರಡೂ ಪಾದ ಜುಮ್ಮೆನ್ನತೊಡಗಿತು. ರಾತ್ರಿಯಿಡೀ ಕೂತು ಅಸೈನ್‌ಮೆಂಟ್ ಬರೆದಿದ್ದಕ್ಕೆ ಜೋಮು ಹಿಡಿದಿದೆ ಅಂತ ನಾವೇ ನಕ್ಕೆವು. ಮೂರನೇ ದಿನ ಅವನಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ನಾಲ್ಕನೇ ದಿನ ಚಮಚ ಹಿಡಿಯಲಾಗಲಿಲ್ಲ. ತಲೆ ಮಾತ್ರ ನೆಟ್ಟಗಿತ್ತು. ಆಸ್ಪತ್ರೆಯಲ್ಲಿ ಮಲಗಿಕೊಂಡೇ ಮ್ಯಾಚಿನ ಸ್ಕೋರ್ ಕೇಳ್ತಿದ್ದ. ವೈದ್ಯರು ಹೇಳಿದ ಹೆಸರು ಗಿಯಾನ್-ಬಾರೆ ಸಿಂಡ್ರೋಮ್.

ಮಿದುಳು ಚೆನ್ನಾಗಿದ್ದು ಕಾಲು ಹೇಗೆ ಕೈಕೊಟ್ಟಿತು? ಇದು ತಿಳಿಯಬೇಕಾದರೆ ನರಮಂಡಲದ ವೈರಿಂಗ್ ನೋಡಬೇಕು. ಮಿದುಳು ಮತ್ತು ಬೆನ್ನುಹುರಿ ಸೇರಿದರೆ ಕೇಂದ್ರ ನರಮಂಡಲ. ಅಲ್ಲಿಂದ ಹೊರಬಿದ್ದು ಮೈಯೆಲ್ಲ ಹರಡುವ ನರಗಳು, ಅಂದರೆ ಮಿದುಳಿನಿಂದ 12 ಜೊತೆ ಮತ್ತು ಬೆನ್ನುಹುರಿಯಿಂದ 31 ಜೊತೆ, ಹೊರ ನರಮಂಡಲಕ್ಕೆ ಸೇರಿದವು. ನಮ್ಮ ಗೆಳೆಯನಿಗೆ ಏಟು ಬಿದ್ದದ್ದು ಈ ಹೊರಭಾಗಕ್ಕೆ.

ನರದೊಳಗಿನ ತಂತಿಯೇ ನರಕೋಶದ ಆಕ್ಸಾನ್. ಕೋಶದ ಮೈಯಿಂದ ಕವಲೊಡೆದ ಡೆಂಡ್ರೈಟ್‌ಗಳು ಸುದ್ದಿ ತಗೊಳ್ತವೆ, ಆಕ್ಸಾನ್ ಮುಂದಕ್ಕೆ ಕಳಿಸುತ್ತೆ. ಬೆನ್ನುಹುರಿಯ ಕೆಳತುದಿಯಲ್ಲಿರುವ ಕೋಶದ ಆಕ್ಸಾನ್ ಪಾದದವರೆಗೆ ಹೆಚ್ಚುಕಡಿಮೆ 1 ಮೀಟರ್ ಓಡುತ್ತೆ. ಆ ಕೋಶದ ಮೈಯನ್ನು ಕಡಲೆಬೀಜದಷ್ಟು ದೊಡ್ಡದು ಮಾಡಿದರೆ ಆಕ್ಸಾನ್ ಸುಮಾರು 100 ಮೀಟರ್, ಅಂದರೆ ನಮ್ಮ ಹಾಸ್ಟೆಲ್‌ನಿಂದ ಕ್ಯಾಂಟೀನಿನವರೆಗೆ!

ಇದು ತಾಮ್ರದ ತಂತಿ ಅಲ್ಲ. ಕೋಶದ ಪೊರೆಯ ಒಳಗೆ ಸುಮಾರು ಮೈನಸ್ 70 ಮಿಲಿವೋಲ್ಟ್ ಇರುತ್ತೆ. ಸೋಡಿಯಂ ಅಯಾನುಗಳು ಒಳನುಗ್ಗಿದಾಗ ಅಲ್ಲಿ ವೋಲ್ಟೇಜ್ ಪ್ಲಸ್ ಕಡೆಗೆ ಜಿಗಿಯುತ್ತೆ, ಅದು ಪಕ್ಕದ ಜಾಗವನ್ನು ಎಬ್ಬಿಸುತ್ತೆ, ಅದು ಇನ್ನೊಂದನ್ನು. ಪಟಾಕಿ ಸರ ಹತ್ತಿಕೊಂಡ ಹಾಗೆ. ಬರಿ ತಂತಿಯಲ್ಲಿ ಇದರ ವೇಗ ಸೆಕೆಂಡಿಗೆ 1 ಮೀಟರ್ ಆಸುಪಾಸು. ಈ ವೇಗದಲ್ಲಿ ಕಬಡ್ಡಿ ಆಡೋಕಾಗಲ್ಲ.

ಇಲ್ಲಿ ಗ್ಲಿಯಾ ಕೋಶಗಳು ಬರ್ತವೆ. ನರಕೋಶದ ಹೆಸರೇ ಎಲ್ಲರ ಬಾಯಲ್ಲಿ. ಇವುಗಳನ್ನು ಯಾರೂ ಕೇಳೋದಿಲ್ಲ. ಹೊರ ನರಗಳಲ್ಲಿ ಶ್ವಾನ್ ಕೋಶಗಳು (ನಾಯಿಗೂ ಇದಕ್ಕೂ ಸಂಬಂಧವಿಲ್ಲ, ಥಿಯೊಡೋರ್ ಶ್ವಾನ್ ಜರ್ಮನ್ ವಿಜ್ಞಾನಿ) ಆಕ್ಸಾನಿಗೆ ಮಯಲಿನ್ ಎಂಬ ಕೊಬ್ಬಿನ ಪದರ ಸುತ್ತುತ್ತವೆ. ಸುತ್ತುಗಳ ನಡುವೆ ಸಣ್ಣ ಸಂದು. ಸಂಕೇತ ಸಂದಿನಿಂದ ಸಂದಿಗೆ ಹಾರುತ್ತೆ, ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ. ದಪ್ಪ ಆಕ್ಸಾನುಗಳಲ್ಲಿ ವೇಗ ಸೆಕೆಂಡಿಗೆ 100 ಮೀಟರ್ ದಾಟಬಲ್ಲದು. ಮಿದುಳು, ಬೆನ್ನುಹುರಿಗಳಲ್ಲಿ ಈ ಕೆಲಸ ಮಾಡುವುದು ಬೇರೆ ಕೋಶ, ಆಲಿಗೋಡೆಂಡ್ರೊಸೈಟ್. ಅದಕ್ಕೇ ಅವನ ತಲೆ ಸರಿಯಿತ್ತು.

ಎರಡು ವಾರ ಮೊದಲು ಅವನಿಗೆ ಭೇದಿಯಾಗಿತ್ತು. ಆ ಸೋಂಕಿನ ವಿರುದ್ಧ ಹೊರಟ ರಕ್ಷಣಾ ವ್ಯವಸ್ಥೆ ದಾರಿತಪ್ಪಿ ಅವನದೇ ಮಯಲಿನ್ ಮೇಲೆ ಬಿತ್ತು. ಉದ್ದನೆಯ ತಂತಿಗೆ ಸುತ್ತುಗಳು ಹೆಚ್ಚು, ಏಟು ತಿನ್ನುವ ಜಾಗಗಳೂ ಹೆಚ್ಚು. ಹಾಗಾಗಿ ಪಾದ ಮೊದಲು. ಕಾಲಿನ ನರಕ್ಕೆ ಎರಡು ಕಡೆ ಸಣ್ಣ ಶಾಕ್ ಕೊಟ್ಟು, ದೂರವನ್ನು ಸಮಯದ ವ್ಯತ್ಯಾಸದಿಂದ ಭಾಗಿಸಿ ವೇಗ ತೆಗೆದರು. 40ರ ಮೇಲಿರಬೇಕಿತ್ತು, ಅವನದು 24. ಎರಡೂ ಕಾಲಿನ ಜೋಮು ದಿನದಿಂದ ದಿನಕ್ಕೆ ಮೇಲೇರುತ್ತಿದ್ದರೆ ನಮ್ಮ ಹಾಗೆ ನಗ್ತಾ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಯಾಕಂದ್ರೆ ಉಸಿರಾಟದ ವಪೆಗೆ ಹೋಗುವ ನರವೂ ಹೊರ ನರವೇ. "ಒಂದೇ ಉಸಿರಲ್ಲಿ ಎಷ್ಟರವರೆಗೆ ಎಣಿಸ್ತೀಯಪ್ಪಾ?" ಅಂತ ವೈದ್ಯರು ದಿನಾ ಕೇಳ್ತಿದ್ದರು. ಮೊದಲ ದಿನ 30, ಮರುದಿನ 18, ಆಮೇಲೆ 11. ಐಸಿಯು ಬಾಗಿಲ ಹೊರಗೆ ನಾವೂ ಎಣಿಸ್ತಿದ್ದೆವು. ಅವನ ನಾಡಿಬಡಿತವೂ ಏರಿಳಿಯುತ್ತಿತ್ತು. ಹೃದಯ, ಕರುಳುಗಳನ್ನು ನಮ್ಮ ಅಪ್ಪಣೆ ಕೇಳದೆ ನಡೆಸುವ ಸ್ವಯಂಚಾಲಿತ ನರಗಳೂ ಹೊರಭಾಗದ ಇನ್ನೊಂದು ಶಾಖೆ. ಐದು ದಿನ ಇಮ್ಯುನೊಗ್ಲೋಬ್ಯುಲಿನ್ ಹನಿಸಿದರು. ಎಣಿಕೆ 11ರಲ್ಲೇ ನಿಂತಿತು, ಕೆಳಗಿಳಿಯಲಿಲ್ಲ.

ಶ್ವಾನ್ ಕೋಶಗಳು ಮತ್ತೆ ಸುತ್ತಬಲ್ಲವು, ನಿಧಾನಕ್ಕೆ. ಮೊನ್ನೆ ಅವನು ಕೋಲು ಹಿಡಿದು ಎರಡನೇ ಮಹಡಿಗೆ ಹತ್ತಿ ಬಂದ, ಏದುಸಿರು ಬಿಡುತ್ತಾ ಕೂತ, ನಾವು ಕೇಳದಿದ್ದರೂ 34ರವರೆಗೆ ಎಣಿಸಿದ.