ಮೀನಿನ ಹೊಟ್ಟೆ ಉಬ್ಬಿದೆಯೇ? ಮೊದಲು ಕಾರಣ ತಿಳಿಯಿರಿ



ಪೈರಿನ ಎಲೆ ಹಳದಿಯಾದ ಕೂಡಲೇ ಯೂರಿಯಾ ಎರಚುವುದು ಜಾಣ ಬೇಸಾಯವಲ್ಲ. ಸಾರಜನಕದ ಕೊರತೆಯೇ, ಬೇರಿನಲ್ಲಿ ನೀರು ನಿಂತಿದೆಯೇ ಎಂದು ನೋಡಿ ಆಮೇಲೆ ಕೈಹಾಕುವುದು ಕ್ರಮ. ಕೃಷಿ ಹೊಂಡದಲ್ಲಿ ಮೀನು ಸಾಕುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಉಬ್ಬಿದ ಹೊಟ್ಟೆ ಒಂದು ಲಕ್ಷಣವೇ ಹೊರತು ರೋಗದ ಹೆಸರಲ್ಲ. ತತ್ತಿ ತುಂಬಿದ ಮೀನನ್ನು ರೋಗಿಯೆಂದು ಬಗೆದು ಹೊಂಡಕ್ಕೆ ಔಷಧಿ ಸುರಿದರೆ ಹಣ ದಂಡ. ಜಲೋದರದ ಮೀನನ್ನು "ತತ್ತಿ ಬಂದಿದೆ" ಎಂದು ಬಿಟ್ಟರೆ ವರ್ಷದ ಫಸಲೇ ಕೈತಪ್ಪಬಹುದು.

ಮೊದಲು ಮೂರು ಪ್ರಶ್ನೆ

ಮೀನು ಯಾವ ಜಾತಿಯದು? ಅದರ ವಯಸ್ಸೆಷ್ಟು? ಹೊಟ್ಟೆ ಉಬ್ಬಿರುವುದು ಒಂದಕ್ಕೋ, ಹಲವಕ್ಕೋ? ಕಾಟ್ಲಾ ಸಾಮಾನ್ಯವಾಗಿ ಮೂರನೆಯ ವರ್ಷದಲ್ಲಿ, ರೋಹು ಮತ್ತು ಮೃಗಾಲ ಎರಡನೆಯ ವರ್ಷದ ಹೊತ್ತಿಗೆ ಬಲಿಯುತ್ತವೆ. ಆದ್ದರಿಂದ ಮರಿ ಬಿಟ್ಟು 8 ತಿಂಗಳಾದ ಕಾಟ್ಲಾದ ಹೊಟ್ಟೆ ಉಬ್ಬಿದ್ದರೆ ಅದು ತತ್ತಿಯಲ್ಲ. ಸಾಮಾನ್ಯ ಗೆಂಡೆಯಾದರೋ ನಮ್ಮ ಹವೆಯಲ್ಲಿ ಒಂದು ವರ್ಷದೊಳಗೇ ತತ್ತಿಗೆ ಬರುತ್ತದೆ. ನಿಂತ ನೀರಿನಲ್ಲೇ ಗಿಡಗಳಿಗೆ ತತ್ತಿ ಅಂಟಿಸುತ್ತದೆ.

ಕೈಯಲ್ಲಿ ಹಿಡಿದು ನೋಡಿ

ಕೈ ಒದ್ದೆ ಮಾಡಿಕೊಂಡು ಮೀನನ್ನು ಹಿಡಿದು, ಮೇಲಿನಿಂದ ನೋಡಿರಿ.

1. ತತ್ತಿ: ಹೊಟ್ಟೆ ಎರಡೂ ಕಡೆ ಸಮನಾಗಿ ತುಂಬಿ ಮೆತ್ತಗಿರುತ್ತದೆ. ಗುದದ್ವಾರ ಉಬ್ಬಿ ಕೆಂಪಾಗಿರುತ್ತದೆ. ಹುರುಪೆಗಳು ಮೈಗೆ ಅಂಟಿಕೊಂಡಿರುತ್ತವೆ, ಮೀನು ಚುರುಕಾಗಿರುತ್ತದೆ.

2. ಅತಿಮೇವು: ತೌಡು, ಹಿಂಡಿ ಹೆಚ್ಚಾದಾಗ ಬರುವ ಉಬ್ಬು. ಎರಡು ದಿನ ಮೇವು ನಿಲ್ಲಿಸಿರಿ. ಹೊಟ್ಟೆ ಇಳಿದರೆ ಕಾರಣ ಗೊತ್ತಾದಂತೆ.

3. ಹುಳು: ಹೊಟ್ಟೆ ಉಬ್ಬಿದ್ದರೂ ಬೆನ್ನು ಬಡಕಲಾಗಿರುತ್ತದೆ. ಸತ್ತ ಮೀನನ್ನು ಸೀಳಿದರೆ ಬಿಳಿ ಪಟ್ಟಿಯಂಥ ಲಿಗುಲಾ ಹುಳು ಕಾಣಬಹುದು. ಮೀನು ತಿನ್ನುವ ನೀರುಹಕ್ಕಿಗಳ ಹಿಕ್ಕೆಯಿಂದ ಇದರ ಮೊಟ್ಟೆಗಳು ನೀರಿಗೆ ಸೇರುತ್ತವೆ. ಇಂಥ ಮೀನನ್ನು ಹೊರತೆಗೆದು, ಹೊಂಡದ ಮೇಲೆ ಬಲೆ ಕಟ್ಟಿ ಹಕ್ಕಿಗಳನ್ನು ತಡೆಯಿರಿ.

4. ಜಲೋದರ: ಹುರುಪೆಗಳು ಹಲಸಿನ ಮುಳ್ಳಿನಂತೆ ಎದ್ದು ನಿಲ್ಲುತ್ತವೆ. ಕಣ್ಣು ಹೊರಚಾಚಿ, ಮೈಮೇಲೆ ಕೆಂಪು ಕಲೆ ಕಾಣಬಹುದು. ಸೀಳಿದರೆ ನೀರು ಹರಿಯುತ್ತದೆ.

ಜಲೋದರ ಬರುವುದು ಹೇಗೆ?

ಮೀನಿನ ರಕ್ತದಲ್ಲಿ ಹೊಂಡದ ಸಿಹಿನೀರಿಗಿಂತ ಹೆಚ್ಚು ಲವಣವಿದೆ. ಆದುದರಿಂದ ನೀರು ಸದಾ ಮೀನಿನ ಮೈಯೊಳಕ್ಕೆ ಇಳಿಯುತ್ತಿರುತ್ತದೆ. ಮೂತ್ರಪಿಂಡ ಅದನ್ನು ಹೊರಹಾಕುತ್ತಿರುತ್ತದೆ. ಏರೋಮೊನಾಸ್ ಮುಂತಾದ ಬ್ಯಾಕ್ಟೀರಿಯಾಗಳಿಂದ ಮೂತ್ರಪಿಂಡ ಕೆಟ್ಟರೆ ನೀರು ಒಳಗೇ ನಿಲ್ಲುತ್ತದೆ. ಈ ಬ್ಯಾಕ್ಟೀರಿಯಾಗಳು ಹೊಂಡದ ನೀರಿನಲ್ಲಿ ಎಂದೂ ಇರುವಂಥವೇ. ಕೊಳೆತ ಮೇವು, ಮೀನಿನ ದಟ್ಟಣೆ, ಕಡಿಮೆ ಆಮ್ಲಜನಕ ಇವುಗಳಿಂದ ಮೀನು ಬಳಲಿದಾಗ ಅವು ಮೇಲುಗೈ ಪಡೆಯುತ್ತವೆ. ಹಲವು ಮೀನುಗಳಿಗೆ ಒಟ್ಟಿಗೆ ಹೊಟ್ಟೆ ಉಬ್ಬಿದರೆ ಮೀನನ್ನಲ್ಲ, ನೀರನ್ನು ಅನುಮಾನಿಸಿರಿ.

ಏನು ಮಾಡಬೇಕು?

ಹುರುಪೆ ಎದ್ದ ಮೀನು ಚೇತರಿಸಿಕೊಳ್ಳುವುದು ಅಪರೂಪ. ಅದನ್ನು ತೆಗೆದು ಸುಣ್ಣ ಹಾಕಿ ದೂರದಲ್ಲಿ ಹೂಳಿರಿ, ಮಾರಬೇಡಿ. ಮೇವು ನಿಲ್ಲಿಸಿ, ಹೊಂಡದ ನೀರಿನ ಕಾಲು ಭಾಗ ಬದಲಿಸಿರಿ. ತೆಗೆದ ನೀರು ತೋಟಕ್ಕೆ ಒಳ್ಳೆಯ ಗೊಬ್ಬರ. ಬೆಳಿಗ್ಗೆ ನೀರಿನ ರಸಸಾರ 7ಕ್ಕಿಂತ ಕಡಿಮೆಯಿದ್ದರೆ ಗುಂಟೆಗೆ 1 ಕೆ.ಜಿ.ಯಂತೆ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ತಣಿದ ಮೇಲೆ ಎರಚಿರಿ. ರೋಗ ಆಗತಾನೇ ತೋರಿದ ಮೀನುಗಳನ್ನು 50 ಲೀಟರ್ ನೀರಿಗೆ ಕಾಲು ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿದ ದ್ರಾವಣದಲ್ಲಿ 2 ನಿಮಿಷ ಅದ್ದಿ ತೆಗೆಯಬಹುದು. ಹಿಂದೆ ಇದಕ್ಕೆ ಕ್ಲೋರಾಂಫೆನಿಕಾಲ್ ಬಳಸುತ್ತಿದ್ದರು. ತಿನ್ನುವ ಮೀನಿಗೆ ಅದು ಈಗ ನಿಷಿದ್ಧ. ಬೇರೆ ಪ್ರತಿಜೀವಕವನ್ನೂ ತಜ್ಞರನ್ನು ಕೇಳದೆ ಹಾಕಬೇಡಿ.

ಮೇವು ಎಂದಿಗೂ ಮೀನಿನ ತೂಕದ ಶೇ. 2ರಿಂದ 3ನ್ನು ಮೀರದಿರಲಿ. ತಟ್ಟೆಯಲ್ಲಿಟ್ಟ ಮೇವು ಎರಡು ಗಂಟೆಯ ನಂತರವೂ ಉಳಿದಿದ್ದರೆ ಮರುದಿನ ಕಡಿಮೆ ಮಾಡಿರಿ. ತಿಂಗಳಿಗೊಮ್ಮೆ ಬಲೆ ಬೀಸಿ ಹತ್ತು ಮೀನನ್ನಾದರೂ ಕೈಯಲ್ಲಿ ಹಿಡಿದು ನೋಡಿರಿ. ಆರೋಗ್ಯದ ಮೀನಿನ ಹೊಟ್ಟೆ ಹೇಗಿರುತ್ತದೆಂದು ಕೈಗೆ ಗೊತ್ತಿದ್ದರೆ, ಕೆಟ್ಟದ್ದು ಬಂದ ದಿನವೇ ತಿಳಿಯುತ್ತದೆ.