ಕ್ಯಾಲೆಂಡರಿನ ತಿಥಿ ಮನೆಯ ಕಂಪ್ಯೂಟರಿನಲ್ಲಿ: ಎಷ್ಟು ನಂಬಬಹುದು?

ಪ್ರಶ್ನೆ: ನಮ್ಮದು ಪುತ್ತೂರು ಕಡೆಯ ಒಂದು ಸಣ್ಣ ಸಹಕಾರ ಸಂಘ. ಪ್ರತಿ ವರ್ಷ ಸದಸ್ಯರಿಗೆ ಗೋಡೆ ಕ್ಯಾಲೆಂಡರ್ ಹಂಚುತ್ತೇವೆ. ತಿಥಿ, ನಕ್ಷತ್ರ, ಹಬ್ಬಗಳ ವಿವರವನ್ನು ಇದುವರೆಗೆ ಪ್ರೆಸ್ಸಿನವರೇ ಎಲ್ಲಿಂದಲೋ ತಂದು ಹಾಕುತ್ತಿದ್ದರು. ಪಂಚಾಂಗ ಲೆಕ್ಕ ಹಾಕುವ ಉಚಿತ ತಂತ್ರಾಂಶಗಳು ಈಗ ಸಿಗುತ್ತವಲ್ಲ, ಅಂಥದ್ದೊಂದನ್ನು ಮನೆಯ ಕಂಪ್ಯೂಟರಿಗೆ ಹಾಕಿಕೊಂಡು ನಾವೇ ವಿವರ ತಯಾರಿಸಿದರೆ ಹೇಗೆ? ಜ್ಯೋತಿಷ ಗೊತ್ತಿಲ್ಲದವರಿಗೆ ಆಗುವ ಕೆಲಸವೇ?

ಉತ್ತರ: ಧಾರಾಳವಾಗಿ ಮಾಡಬಹುದು. ಜ್ಯೋತಿಷ ಬೇಡ, ತಾಳ್ಮೆ ಬೇಕು. ಒಂದು ಮಾತು ಮಾತ್ರ ಮೊದಲೇ ತಿಳಿದಿರಲಿ. ತಂತ್ರಾಂಶ ಕೊಡುವುದು ಕ್ಷಣದ ಲೆಕ್ಕ: ಇಂಥ ತಿಥಿ ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಮುಗಿಯುತ್ತದೆ ಎಂದು. ಕ್ಯಾಲೆಂಡರಿಗೆ ಬೇಕಾದದ್ದು ದಿನ: ಹಬ್ಬ ಯಾವ ಚೌಕದಲ್ಲಿ ಕೂರಬೇಕು ಎಂಬ ತೀರ್ಮಾನ. ಮೊದಲನೆಯದರಲ್ಲಿ ಕಂಪ್ಯೂಟರನ್ನು ಕಣ್ಣುಮುಚ್ಚಿ ನಂಬಬಹುದು. ಎರಡನೆಯದು ನಿಮ್ಮದೇ ಹೊಣೆ.

ಲೆಕ್ಕದ ಭಾಗವನ್ನು ಮೊದಲು ಮುಗಿಸಿಬಿಡೋಣ. ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲವಾದ್ದರಿಂದ ತಿಥಿಯೊಂದು ಸುಮಾರು 20 ಗಂಟೆಗೂ ಮುಗಿಯಬಹುದು, 26 ಗಂಟೆ ದಾಟಿಯೂ ಎಳೆಯಬಹುದು. ಇದನ್ನು ಕೈಯಲ್ಲಿ ಗುಣಿಸುತ್ತಾ ಕೂತರೆ ವರ್ಷದ ಪಂಚಾಂಗಕ್ಕೆ ತಿಂಗಳುಗಟ್ಟಲೆ ಬೇಕು. ಕಂಪ್ಯೂಟರಿಗೆ ಅದು ಕ್ಷಣಾರ್ಧದ ಕೆಲಸ. ಪಿ.ವಿ.ಆರ್. ನರಸಿಂಹ ರಾವ್ ಅವರ ‘ಜಗನ್ನಾಥ ಹೋರಾ’ ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಇಂಥ ಅನೇಕ ತಂತ್ರಾಂಶಗಳ ಒಳಗೆ ದುಡಿಯುವುದು ‘ಸ್ವಿಸ್ ಎಫಿಮೆರಿಸ್’ ಎಂಬ ಗಣಿತದ ಯಂತ್ರ. ಅದಕ್ಕೆ ಆಧಾರ ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಸಿದ್ಧಪಡಿಸಿದ ಗ್ರಹಸ್ಥಾನಗಳ ಕೋಷ್ಟಕ. ಗೋಡೆ ಕ್ಯಾಲೆಂಡರಿಗೆ ಬೇಕಾದ ನಿಮಿಷದ ನಿಖರತೆ ಇವಕ್ಕೆ ಲೆಕ್ಕಕ್ಕೇ ಇಲ್ಲ.

ಹಾಗಾದರೆ ಎರಡು ತಂತ್ರಾಂಶಗಳ ಉತ್ತರ ಬೇರೆಬೇರೆ ಬರುವುದೇಕೆ? ಸೆಟ್ಟಿಂಗ್ಸ್‌ನಿಂದ. ನೀವು ನಾಲ್ಕನ್ನು ನೋಡಿಕೊಂಡರೆ ಸಾಕು.

ಮೊದಲನೆಯದು ಊರು. ತಿಥಿ ಮುಗಿಯುವ ಕ್ಷಣ ಜಗತ್ತಿಗೆಲ್ಲ ಒಂದೇ, ಸೂರ್ಯೋದಯ ಮಾತ್ರ ಊರಿಗೊಂದು. ಬೆಂಗಳೂರಿಗಿಂತ ಮಂಗಳೂರಿನಲ್ಲಿ ಸೂರ್ಯ ಸುಮಾರು 11 ನಿಮಿಷ ತಡ. ತಂತ್ರಾಂಶದಲ್ಲಿ ದೆಹಲಿಯೋ ಉಜ್ಜಯಿನಿಯೋ ಮೊದಲೇ ಕೂತಿದ್ದರೆ ತೆಗೆದು ಪುತ್ತೂರನ್ನು ಹಾಕಿ. ಕೋಲ್ಕತ್ತದ ಪೊಸಿಷನಲ್ ಅಸ್ಟ್ರಾನಮಿ ಸೆಂಟರ್ ಪ್ರಕಟಿಸುವ ರಾಷ್ಟ್ರೀಯ ಪಂಚಾಂಗ ತಿಥಿಯ ಸಮಯ ತಾಳೆ ನೋಡಲು ಬಹಳ ಒಳ್ಳೆಯದು. ಆದರೆ ಅದರ ಸೂರ್ಯೋದಯ 82 ಡಿಗ್ರಿ 30 ಮಿನಿಟ್ ಪೂರ್ವ ರೇಖಾಂಶದ ಕೇಂದ್ರಬಿಂದುವಿನದು. ರೇಖಾಂಶದ ಅಂತರವೊಂದರಿಂದಲೇ ನಿಮ್ಮೂರಿಗೂ ಅದಕ್ಕೂ ಅರ್ಧ ಗಂಟೆಯ ಹತ್ತಿರ ವ್ಯತ್ಯಾಸವಿದೆ.

ಎರಡನೆಯದು ಅಯನಾಂಶ. ಸೊನ್ನೆ ಡಿಗ್ರಿಯನ್ನು ಆಕಾಶದಲ್ಲಿ ಎಲ್ಲಿಂದ ಎಣಿಸಬೇಕು ಎಂಬುದರ ಒಪ್ಪಂದ ಇದು. ಮೇಘನಾದ ಸಹಾ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಕೊಟ್ಟಿತು. ಅದರ ಕಾರ್ಯದರ್ಶಿಯಾಗಿದ್ದ ಎನ್.ಸಿ. ಲಾಹಿರಿ ಅವರ ಹೆಸರಿನ ಅಯನಾಂಶವೇ ಇಂದು ಹೆಚ್ಚಿನ ಕ್ಯಾಲೆಂಡರುಗಳಲ್ಲಿರುವುದು. ಬೆಂಗಳೂರಿನ ಬಿ.ವಿ. ರಾಮನ್ ಬಳಸುತ್ತಿದ್ದ ಅಯನಾಂಶ ಇದಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಕಡಿಮೆ. ಒಂದೂವರೆ ಡಿಗ್ರಿ ಏನು ಮಹಾ ಅನ್ನಬೇಡಿ. ಅಷ್ಟು ದೂರ ಹೋಗಲು ಚಂದ್ರನಿಗೆ ಎರಡೂವರೆ ಗಂಟೆಗೂ ಹೆಚ್ಚು ಬೇಕು, ಸೂರ್ಯನಿಗೆ ಸುಮಾರು ಒಂದೂವರೆ ದಿನ. 2026ರ ಮಕರ ಸಂಕ್ರಮಣ ಲಾಹಿರಿ ಲೆಕ್ಕದಲ್ಲಿ ಜನವರಿ 14ರ ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ. ರಾಮನ್ ಅಯನಾಂಶ ಒತ್ತಿದರೆ ಅದು 13ರ ಬೆಳಗಿನ ಜಾವಕ್ಕೆ ಜಿಗಿಯುತ್ತದೆ. ಸ್ವಾರಸ್ಯವೆಂದರೆ ತಿಥಿ ಮಾತ್ರ ಅಲ್ಲಾಡುವುದಿಲ್ಲ. ಅದು ಸೂರ್ಯ ಚಂದ್ರರ ನಡುವಿನ ಅಂತರವಷ್ಟೆ, ಇಬ್ಬರಿಂದಲೂ ಒಂದೇ ಮೊತ್ತ ಕಳೆದರೆ ಅಂತರ ಹಾಗೇ ಉಳಿಯುತ್ತದೆ. ಏರುಪೇರಾಗುವುದು ನಕ್ಷತ್ರ, ಯೋಗ, ಸಂಕ್ರಮಣ.

ಮೂರನೆಯದು ಮಾಸ. ನಮ್ಮದು ಅಮಾಂತ: ಅಮಾವಾಸ್ಯೆಗೆ ತಿಂಗಳು ಮುಗಿಯುತ್ತದೆ. ಉತ್ತರದವರದು ಪೂರ್ಣಿಮಾಂತ. ತಂತ್ರಾಂಶದಲ್ಲಿ ಅದು ಉಳಿದುಬಿಟ್ಟರೆ ನಮ್ಮ ಮಾಘ ಬಹುಳ ಚತುರ್ದಶಿಯ ಶಿವರಾತ್ರಿ ಫಾಲ್ಗುಣದಲ್ಲಿ ಅಚ್ಚಾಗುತ್ತದೆ. ದಿನ ಸರಿ, ಹೆಸರು ತಪ್ಪು.

ನಾಲ್ಕನೆಯದು ಸೂರ್ಯೋದಯ ಎಂದರೆ ಯಾವುದು ಎಂಬುದು. ಬಿಂಬದ ಮೇಲಂಚು ಕಂಡಾಗಲೋ, ನಡುಬಿಂದು ದಿಗಂತಕ್ಕೆ ಬಂದಾಗಲೋ? ವಾತಾವರಣದಲ್ಲಿ ಬೆಳಕು ಬಾಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೋ ಬೇಡವೋ? ನಮ್ಮ ಅಕ್ಷಾಂಶದಲ್ಲಿ ಎರಡರ ನಡುವೆ ಮೂರು ಮೂರೂವರೆ ನಿಮಿಷ ವ್ಯತ್ಯಾಸ. ಇಷ್ಟು ಸಣ್ಣದನ್ನು ಯಾಕೆ ಎತ್ತಿದೆ ಎಂಬುದು ಮುಂದೆ ಗೊತ್ತಾಗುತ್ತದೆ.

ಈ ನಾಲ್ಕು ಸರಿಯಿವೆಯೇ ಎಂದು ಪರೀಕ್ಷಿಸಲು ಸುಲಭದ ದಾರಿ ಇದೆ. ಮುಂದಿನ ವರ್ಷದ ವಿವರ ತೆಗೆಯುವ ಮೊದಲು ಕಳೆದ ವರ್ಷದ ಎರಡು ತಿಂಗಳು ತೆಗೆದು, ನಿಮಗೆ ನಂಬಿಕೆಯಿರುವ ಮುದ್ರಿತ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿ. ಒಂದೆರಡು ನಿಮಿಷದ ವ್ಯತ್ಯಾಸ ಬಿಡಿ. ತಿಥಿ ಸರಿಯಿದ್ದು ನಕ್ಷತ್ರ ಮಾತ್ರ ಪ್ರತಿ ದಿನ ಎರಡೂವರೆ ಗಂಟೆ ಆಚೀಚೆ ಇದ್ದರೆ ಅಯನಾಂಶ ಬೇರೆ. ಎಲ್ಲವೂ ಐದೂವರೆ ಗಂಟೆ ಹಿಂದಿದ್ದರೆ ಭಾರತೀಯ ಕಾಲಮಾನ ಹಾಕಿಲ್ಲ. ಕೃಷ್ಣಪಕ್ಷದಲ್ಲಿ ಮಾತ್ರ ತಿಂಗಳ ಹೆಸರು ಒಂದು ಮುಂದಿದ್ದರೆ ಪೂರ್ಣಿಮಾಂತ. ತಿಥಿಯೇ ಒಂದು ದಿನ ಅರ್ಧ ಗಂಟೆ, ಇನ್ನೊಂದು ದಿನ ಮೂರು ನಾಲ್ಕು ಗಂಟೆ ಎಂದು ಏರಿಳಿಯುತ್ತಿದ್ದರೆ ಯಾರದೂ ತಪ್ಪಲ್ಲ. ನೀವು ಹೋಲಿಸುತ್ತಿರುವುದು ಸೂರ್ಯಸಿದ್ಧಾಂತದ ಪಂಚಾಂಗದೊಂದಿಗೆ, ತಂತ್ರಾಂಶ ಕೊಡುತ್ತಿರುವುದು ಆಕಾಶದಲ್ಲಿ ಕಾಣುವ ಸ್ಥಾನಕ್ಕೆ ಹೊಂದುವ ದೃಗ್ಗಣಿತ. ಕೆಲವು ಮಠಗಳ ಪಂಚಾಂಗ ಇಂದಿಗೂ ಹಳೆಯ ಸಿದ್ಧಾಂತದ್ದೇ. ನಿಮ್ಮ ಸದಸ್ಯರಲ್ಲಿ ಹೆಚ್ಚಿನವರು ಯಾವುದನ್ನು ಅನುಸರಿಸುತ್ತಾರೆ ಎಂದು ಕೇಳಿ ಒಂದನ್ನು ಹಿಡಿಯಿರಿ. ಎರಡನ್ನೂ ಬೆರೆಸಬೇಡಿ.

ಇನ್ನು ಚೌಕ ತುಂಬುವ ಕೆಲಸ. ಸಾಮಾನ್ಯ ನಿಯಮ ಸರಳ: ಸೂರ್ಯೋದಯಕ್ಕೆ ಇರುವ ತಿಥಿಯೇ ಆ ದಿನದ ತಿಥಿ, ಅದರ ಕೆಳಗೆ ಅದು ಮುಗಿಯುವ ಗಂಟೆ. ಎಕ್ಸೆಲ್‌ನಲ್ಲಿ ದಿನಕ್ಕೊಂದು ಸಾಲು ಮಾಡಿ, ಚೈತ್ರ ಶುದ್ಧ ಪಾಡ್ಯ ಇದ್ದ ಸಾಲಿನಲ್ಲಿ ‘ಯುಗಾದಿ’ ಎಂದು ತಾನೇ ಬರುವಂತೆ ಸೂತ್ರ ಬರೆದುಬಿಡೋಣ ಅನ್ನಿಸುತ್ತದೆ. 2026ಕ್ಕೆ ಹಾಗೆ ಮಾಡಿದರೆ ಇಡೀ ವರ್ಷದಲ್ಲಿ ಯುಗಾದಿಯೇ ಸಿಗುವುದಿಲ್ಲ! ಮಾರ್ಚ್ 19ರಂದು ನಿಮ್ಮೂರಲ್ಲಿ ಸೂರ್ಯ ಹುಟ್ಟುವುದು ಸುಮಾರು 6-34ಕ್ಕೆ. ಆಗಿನ್ನೂ ಅಮಾವಾಸ್ಯೆ. ಅದು ಮುಗಿಯುವುದು 6-53ರ ಹೊತ್ತಿಗೆ. ಅಲ್ಲಿಂದ ಶುರುವಾದ ಪಾಡ್ಯ ಮರುದಿನ ಬೆಳಗಿನ ಜಾವ ಐದು ಗಂಟೆಯೊಳಗೇ ಮುಗಿದು, 20ರ ಸೂರ್ಯೋದಯಕ್ಕೆ ಬಿದಿಗೆ ಬಂದಿರುತ್ತದೆ. ಪಾಡ್ಯಕ್ಕೆ ಸೂರ್ಯೋದಯದ ಮುಖವೇ ಕಾಣಲಿಲ್ಲ. ಇದೇ ಕ್ಷಯ ತಿಥಿ. ಹಾಗೆಂದು ಹಬ್ಬ ಬಿಡಲಾಗುತ್ತದೆಯೇ? ಪಾಡ್ಯ ಹಗಲೆಲ್ಲ ಇದ್ದ 19ರಂದೇ ಯುಗಾದಿ. ಆ ಚೌಕದಲ್ಲಿ ತಿಥಿಯ ಜಾಗಕ್ಕೆ ಅಮಾವಾಸ್ಯೆ, ಹಬ್ಬದ ಜಾಗಕ್ಕೆ ಯುಗಾದಿ ಬರಬೇಕು. ನೋಡಿದವರು ಅಚ್ಚಿನ ದೋಷ ಎಂದುಕೊಳ್ಳದಂತೆ ‘ಅಮಾವಾಸ್ಯೆ ಬೆ. 6-53, ನಂತರ ಪಾಡ್ಯ’ ಎಂದು ಎರಡನ್ನೂ ಹಾಕಿ. ಅದೇ ವರ್ಷ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಹೆಸರಿನ ಹಿಂದೆ ‘ಅಧಿಕ’ ಬಿಟ್ಟುಹೋದರೆ ಎರಡು ಜ್ಯೇಷ್ಠ ಹುಣ್ಣಿಮೆಗಳು ಅಚ್ಚಾಗುತ್ತವೆ.

ಎಲ್ಲ ಹಬ್ಬಕ್ಕೂ ಸೂರ್ಯೋದಯದ ನಿಯಮ ಸಲ್ಲುವುದೂ ಇಲ್ಲ. ಗಣೇಶ ಚತುರ್ಥಿಗೆ, ರಾಮನವಮಿಗೆ ಮಧ್ಯಾಹ್ನ ತಿಥಿ ಇರಬೇಕು. ಶಿವರಾತ್ರಿಗೆ ನಡುರಾತ್ರಿ, ಸಂಕಷ್ಟಿಗೆ ಚಂದ್ರೋದಯ, ಲಕ್ಷ್ಮೀಪೂಜೆಗೆ ಸಂಜೆಯ ಪ್ರದೋಷ. ಏಕಾದಶಿಯಲ್ಲಿ ಸೂರ್ಯೋದಯಕ್ಕೆ ನಾಲ್ಕು ಘಳಿಗೆ, ಅಂದರೆ 96 ನಿಮಿಷ ಮುಂಚಿನ ಅರುಣೋದಯಕ್ಕೆ ದಶಮಿ ಉಳಿದಿದ್ದರೆ ವೈಷ್ಣವರು ಅಂದು ಉಪವಾಸ ಮಾಡುವುದಿಲ್ಲ. ಅದಕ್ಕೇ ಕೆಲವು ಸಲ ಸ್ಮಾರ್ತ, ವೈಷ್ಣವ ಎಂದು ಎರಡು ದಿನ ಬರೆಯಬೇಕಾಗುತ್ತದೆ.

2024ರ ದೀಪಾವಳಿ ನೆನಪಿದೆಯೇ? ಅಕ್ಟೋಬರ್ 31ರ ಮಧ್ಯಾಹ್ನ ನಾಲ್ಕರೊಳಗೆ ಹಿಡಿದ ಅಮಾವಾಸ್ಯೆ ನವೆಂಬರ್ 1ರ ಸಂಜೆ 6-16ರ ಸುಮಾರಿಗೆ ಬಿಟ್ಟಿತು. ಎರಡೂ ದಿನ ಸೂರ್ಯಾಸ್ತಕ್ಕೆ ಅಮಾವಾಸ್ಯೆ. ಲಕ್ಷ್ಮೀಪೂಜೆ ಯಾವತ್ತು ಎಂದು ದೇಶದ ತುಂಬಾ ಚರ್ಚೆ. ಎರಡನೆಯ ದಿನ ಸೂರ್ಯ ಮುಳುಗಿದ ಮೇಲೆ ಕನಿಷ್ಠ ಒಂದು ಘಳಿಗೆ, ಅಂದರೆ 24 ನಿಮಿಷ ಅಮಾವಾಸ್ಯೆ ಇದ್ದರೆ ಅಂದೇ ಪೂಜೆ ಎಂಬುದು ಒಂದು ಪಕ್ಷದ ವಾದ. ಹಾಗಿದ್ದರೆ ಲೆಕ್ಕ ನೋಡಿ. ಕೋಲ್ಕತ್ತದಲ್ಲಿ ಅಂದು ಸೂರ್ಯ ಮುಳುಗಿದ್ದು ಸುಮಾರು 4-59ಕ್ಕೆ, ಅಮಾವಾಸ್ಯೆಗೆ ಒಂದೂಕಾಲು ಗಂಟೆ ಉಳಿದಿತ್ತು. ಮಂಗಳೂರಿನಲ್ಲಿ ಸೂರ್ಯಾಸ್ತ ಸುಮಾರು 6-04ಕ್ಕೆ, ಉಳಿದದ್ದು ಹನ್ನೆರಡೇ ನಿಮಿಷ. ಬೆಂಗಳೂರಿನಲ್ಲಿ 5-53ಕ್ಕೆ: ಉಳಿದದ್ದು 23 ನಿಮಿಷ, ಒಂದು ಘಳಿಗೆಗೆ ಕೂದಲೆಳೆಯಷ್ಟು ಕಡಿಮೆ. ಬಿಂಬದ ಮೇಲಂಚಿನ ಬದಲು ನಡುಬಿಂದುವನ್ನು ಹಿಡಿದು, ಬೆಳಕಿನ ಬಾಗನ್ನೂ ಬಿಟ್ಟರೆ ಸೂರ್ಯಾಸ್ತ ಮೂರೂವರೆ ನಿಮಿಷ ಮುಂಚೆ ಆಗುತ್ತದೆ. ಆಗ ಬೆಂಗಳೂರಿಗೂ ಘಳಿಗೆ ತುಂಬುತ್ತದೆ! ತಂತ್ರಾಂಶದಲ್ಲಿ ನೀವು ಗಮನಿಸದೆ ಬಿಟ್ಟ ಒಂದು ಟಿಕ್ ಮಾರ್ಕಿನಿಂದ ಹಬ್ಬ ಒಂದು ಚೌಕ ಆಚೆ ಹೋಗಬಹುದಾಗಿತ್ತು. ಇಂಥ ದಿನಗಳು ವರ್ಷಕ್ಕೆ ನಾಲ್ಕಾರು ಬರುತ್ತವೆ. ಅವನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿ, ನಿಮ್ಮೂರ ದೇವಸ್ಥಾನದ ಅರ್ಚಕರನ್ನೋ ಪಂಚಾಂಗ ಬಲ್ಲ ಹಿರಿಯರನ್ನೋ ಕೇಳಿ. ಇಡೀ ವರ್ಷದ ಪಟ್ಟಿ ಮುಂದಿಟ್ಟರೆ ಯಾರಾದರೂ ಬೇಸರಪಡುತ್ತಾರೆ, ನಾಲ್ಕು ದಿನ ಕೇಳಿದರೆ ಸಂತೋಷದಿಂದ ಹೇಳುತ್ತಾರೆ.

ಕೆಲವು ವಿವರಗಳು ತಂತ್ರಾಂಶದಲ್ಲಿ ಇರುವುದೇ ಇಲ್ಲ. ಅದಕ್ಕೆ ಕರ್ಕಾಟಕ ಸಂಕ್ರಮಣ ಗೊತ್ತು, ಆಟಿ ಗೊತ್ತಿಲ್ಲ. ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಎಂದು ತುಳುನಾಡಿನ ಸೌರ ತಿಂಗಳುಗಳ ಹೆಸರನ್ನು ನೀವೇ ಸೇರಿಸಬೇಕು. ಸಂಕ್ರಮಣ ಇಷ್ಟು ಹೊತ್ತಿಗೆ ಆದರೆ ತಿಂಗಳು ಅಂದೋ ಮರುದಿನವೋ ಎಂಬುದಕ್ಕೆ ತಮಿಳುನಾಡು, ಕೇರಳ, ಬಂಗಾಳಗಳಲ್ಲಿ ಒಂದೊಂದು ನಿಯಮ ಇರುವುದರಿಂದ ತಂತ್ರಾಂಶದ ಸೌರ ತಾರೀಕನ್ನು ಸ್ಥಳೀಯ ಪಂಚಾಂಗದ ಜೊತೆ ತಾಳೆ ನೋಡಿಯೇ ಹಾಕಿ. ರಂಜಾನ್, ಬಕ್ರೀದ್‌ಗಳು ಚಂದ್ರದರ್ಶನದ ಮೇಲೆ ನಿಂತಿವೆ, ಲೆಕ್ಕದ ತಾರೀಕು ಒಂದು ದಿನ ಆಚೀಚೆ ಆಗಬಹುದು. ‘ಚಂದ್ರದರ್ಶನದಂತೆ’ ಎಂದು ಪಕ್ಕದಲ್ಲೇ ಬರೆಯಿರಿ. ಸರ್ಕಾರಿ ರಜೆಗಳಿಗೆ ರಾಜ್ಯ ಸರ್ಕಾರದ ಅಧಿಸೂಚನೆಯೊಂದೇ ಆಧಾರ, ಅದು ಬರುವವರೆಗೆ ಕೆಂಪು ಬಣ್ಣ ಹಾಕಬೇಡಿ.

ರಾಹುಕಾಲದ ವಿಷಯ ಸ್ವಲ್ಪ ತಮಾಷೆಯದು. ಗೋಡೆ ಕ್ಯಾಲೆಂಡರುಗಳು ಸೋಮವಾರ ಏಳೂವರೆಯಿಂದ ಒಂಬತ್ತು ಎಂದು ವರ್ಷವಿಡೀ ಒಂದೇ ಸಮಯ ಹಾಕುತ್ತವೆ. ಅದು ಹಗಲು ಆರರಿಂದ ಆರು ಎಂದು ಹಿಡಿದು ಎಂಟು ಭಾಗ ಮಾಡಿದ ಲೆಕ್ಕ. ತಂತ್ರಾಂಶ ನಿಜವಾದ ಹಗಲನ್ನು ಎಂಟು ಭಾಗ ಮಾಡುತ್ತದೆ, ಜೂನ್ ತಿಂಗಳಲ್ಲಿ ನಿಮ್ಮೂರಿಗೆ ಅದು 7-40ರಿಂದ ಒಂಬತ್ತೂಕಾಲರ ಸುಮಾರು. ಜನ ಬಾಯಿಪಾಠ ಮಾಡಿಕೊಂಡಿರುವುದು ಮೊದಲನೆಯದನ್ನು. ನನ್ನನ್ನು ಕೇಳಿದರೆ ಅದನ್ನೇ ಹಾಕಿ.

ಕಡೆಗೆ ಪ್ರೆಸ್ಸಿಗೆ ಕೊಡುವ ಹಂತ. ಎಕ್ಸೆಲ್‌ನಲ್ಲಿ 7-30 ಎಂದು ಹೊಡೆದರೆ ಅದು ಜುಲೈ 30 ಎಂದು ತಾನೇ ತಿದ್ದಿಕೊಳ್ಳುವ ಸಾಧ್ಯತೆ ಇದೆ. ಸಮಯದ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡಿಕೊಳ್ಳಿ. ಕೆಲವು ತಂತ್ರಾಂಶಗಳು ನಡುರಾತ್ರಿ ದಾಟಿದ ಸಮಯವನ್ನು 26-15 ಎಂದು ತೋರಿಸುತ್ತವೆ, ಅದು ಮರುದಿನ ಬೆಳಗಿನ ಜಾವ 2-15. ನೀವು ಟೈಪ್ ಮಾಡುವುದು ಯೂನಿಕೋಡ್‌ನಲ್ಲಿ. ಪ್ರೆಸ್ಸಿನವರ ಪೇಜ್‌ಮೇಕರ್, ಹಳೆಯ ಕೋರೆಲ್‌ಡ್ರಾಗಳಲ್ಲಿ ಇಂದಿಗೂ ಹಳೆಯ ಆಸ್ಕಿ ಫಾಂಟುಗಳೇ ಇರುತ್ತವೆ. ನುಡಿ, ಬರಹ ತಂತ್ರಾಂಶಗಳ ಪರಿವರ್ತಕದಲ್ಲಿ ಹಾಯಿಸಿ ಕೊಡಿ. ಬಂದ ಕರಡಿನಲ್ಲಿ ‘ಜ್ಯೇಷ್ಠ’, ‘ಪೂರ್ವಾಷಾಢ’, ‘ಕೃತ್ತಿಕಾ’ ಈ ಮೂರನ್ನು ಹುಡುಕಿ ನೋಡಿ. ಒತ್ತಕ್ಷರ, ಅರ್ಕಾವತ್ತು ಕೆಡುವುದಾದರೆ ಇಲ್ಲೇ ಮೊದಲು ಕೆಡುತ್ತದೆ.

ಡಿಸೆಂಬರಿನಲ್ಲಿ ಕ್ಯಾಲೆಂಡರ್ ಕೈಗೆ ಬರಬೇಕಾದರೆ ತಿಥಿಯ ಪಟ್ಟಿಯನ್ನು ಆಗಸ್ಟ್‌ನಲ್ಲೇ ತೆಗೆದಿಟ್ಟುಕೊಳ್ಳಿ. ಉಳಿದ ಸಮಯ ಆ ನಾಲ್ಕಾರು ಸಂಶಯದ ದಿನಗಳಿಗೆ ಮೀಸಲಿರಲಿ. ಕ್ಯಾಲೆಂಡರಿನ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಮರೆಯದೆ ಹಾಕಿಸಿ: ‘ಸಮಯಗಳು ಪುತ್ತೂರಿನವು, ದೃಗ್ಗಣಿತ, ಲಾಹಿರಿ ಅಯನಾಂಶ.’ ಪಕ್ಕದ ಮನೆಯ ಕ್ಯಾಲೆಂಡರಿನಲ್ಲಿ ಬೇರೆ ಇದೆಯಲ್ಲ ಎಂದು ಸದಸ್ಯರು ಕೇಳಿಯೇ ಕೇಳುತ್ತಾರೆ. ಆಗ ಕಂಪ್ಯೂಟರ್ ಹೇಳಿತು ಎನ್ನುವುದಕ್ಕಿಂತ ಈ ಸಾಲನ್ನು ತೋರಿಸಿ ವಿವರಿಸುವುದು ಸಂಘಕ್ಕೆ ಮರ್ಯಾದೆ.